ತೀತಾಳ ಒಲೆ, ಫಣಿಯಮ್ಮನ ಒಲೆ

ಅವರೆಕಾಯಿ ಕಾಲ ಬಂದ್ರೆ ನಮ್ ಕಡೆ ಹೆಂಗಸರೆಲ್ಲ ಕೂತು ಕಾಳು ಹಿಚುಕ್ತಾ ಯಾರ್ಯಾರ ಕೈರುಚಿ ಹೆಂಗಿತ್ತು ಅಂತ ಮಾತಾಡೋದು ಇದ್ದದ್ದೇ. "ಆ ಮನೆ ಅತ್ತೆ ಸಾರು ಅಂದ್ರೆ ಸಾರು!" ಅಂತೀವಿ. ಆ ಅತ್ತೆ ಯಾಕೆ ತವರಿನ ಒಲೆ ಮುಂದೇನೇ ಮುದುಕಿ ಆದ್ರು ಅಂತ ಮಾತ್ರ ಯಾರೂ ಕೇಳಲ್ಲ.

ಮೆಕ್ಸಿಕೋ ದೇಶದ ಲಾರಾ ಎಸ್ಕಿವೆಲ್ ಅನ್ನೋ ಲೇಖಕಿ 1989ರಲ್ಲಿ ಇದನ್ನೇ ಕೇಳಿ ಒಂದು ಕಾದಂಬರಿ ಬರೆದ್ರು. ಹನ್ನೆರಡು ತಿಂಗಳು, ಹನ್ನೆರಡು ಅಧ್ಯಾಯ, ಒಂದೊಂದಕ್ಕೂ ಒಂದೊಂದು ಅಡಿಗೆ. ಕಿರಿ ಮಗಳು ಮದುವೆ ಆಗಬಾರದು, ತಾಯಿ ಸಾಯೋವರೆಗೂ ಸೇವೆ ಮಾಡ್ಕೊಂಡಿರಬೇಕು, ಇದು ಆ ಮನೆ ಪದ್ಧತಿ. ಕಿರಿಯವಳು ತೀತಾ. ಅವಳು ಇಷ್ಟಪಟ್ಟ ಹುಡುಗನಿಗೆ ತಾಯಿ ಅಕ್ಕನ್ನ ಕೊಟ್ಟು ಮದುವೆ ಮಾಡ್ತಾಳೆ. ಆ ಮದುವೆಗೆ ಕೇಕು ಮಾಡೋದೂ ತೀತಾಳೇ! ಅವಳ ಕಣ್ಣೀರು ಬಿದ್ದ ಕೇಕು ತಿಂದು ನೆಂಟರೆಲ್ಲ ಗೊಳೋ ಅಂತ ಅಳ್ತಾರೆ.

ನಮ್ಮಲ್ಲಿ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಬಂದಿದ್ದು ಅದಕ್ಕೂ ಮುಂಚೆ, 1976ರಲ್ಲಿ. ಮಲೆನಾಡಿನ ನಿಜವಾದ ಹೆಂಗಸೊಬ್ಬರ ಕಥೆ ಅದು. ಒಂಬತ್ತು ವರ್ಷಕ್ಕೆ ಮದುವೆ, ಸ್ವಲ್ಪ ದಿನಕ್ಕೇ ಗಂಡ ಇಲ್ಲ. ದೊಡ್ಡವಳಾದ ಮೇಲೆ ತಲೆ ಬೋಳಿಸಿ ಮಡಿ ಮಾಡ್ತಾರೆ. ಆಮೇಲೆ ದುಡಿಮೆ ಪೂರಾ ಮನೆಯವರಿಗೆ, ತನಗೆ ದಿನಕ್ಕೆ ಒಂದೇ ಊಟ. ತೀತಾ ತನ್ನ ಆಸೆ ಎಲ್ಲಾ ಅಡಿಗೇಲಿ ಹಾಕಿದ್ಲು, ಫಣಿಯಮ್ಮ ಆಸೇನೇ ಇಲ್ದಂಗೆ ಬದುಕಿಬಿಟ್ರು. ನನಗೆ ಕಣ್ಣೀರಿನ ಕೇಕಿಗಿಂತ ಆ ಒಂದೂಟಾನೇ ಗಂಟಲಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ.

ಅವೆಲ್ಲ ಮಲೆನಾಡಿನ ಕಥೆ, ನಮ್ಮ ಮುಳಬಾಗಿಲಿಗೂ ಅದಕ್ಕೂ ಏನು ಅಂತೀರಾ? ಆಗ ಎರಡೂ ಮೈಸೂರು ಸಂಸ್ಥಾನವೇ. ಬಾಲ್ಯವಿವಾಹ ತಡೆಯೋಕೆ ಸಂಸ್ಥಾನದಲ್ಲಿ ಕಾನೂನು ಬಂದಿದ್ದು 1894ರಲ್ಲಿ. ನಮ್ಮೂರಲ್ಲೇ ಹುಟ್ಟಿದ ಡಿವಿಜಿ ಅವರಿಗೆ ಆಗ ಏಳು ವರ್ಷ. ಎಂಟು ತುಂಬದ ಹೆಣ್ಣುಮಕ್ಕಳಿಗೆ ಮದುವೆ ಮಾಡೋಹಂಗಿಲ್ಲ, ಐವತ್ತು ದಾಟಿದ ಗಂಡಸಿಗೆ ಹದಿನಾಲ್ಕರ ಒಳಗಿನ ಹುಡುಗೀನ ಕೊಡೋಹಂಗಿಲ್ಲ, ಅಷ್ಟೇ. ಲೆಕ್ಕ ಹಾಕ್ರಮ್ಮ: ಆ ಕಾನೂನು ಮೊದಲೇ ಇದ್ದಿದ್ರೂ ಒಂಬತ್ತರ ಫಣಿಯಮ್ಮನ ಮದುವೆಗೆ ಅಡ್ಡ ಬರ್ತಿರಲಿಲ್ಲ!

ಎರಡು ಪುಸ್ತಕದಲ್ಲೂ ನನಗೆ ಹಿಡಿಸಿದ್ದು ಒಂದೇ ಜಾಗ. ತೀತಾಳ ಅಕ್ಕ ತನ್ನ ಮಗಳಿಗೂ ಅದೇ ಪದ್ಧತಿ ಹೊರಿಸೋಕೆ ಹೋದಾಗ ತೀತಾ ತಿರುಗಿ ಬೀಳ್ತಾಳೆ. ಇಲ್ಲೂ ಅಷ್ಟೇ. ದಾಕ್ಷಾಯಿಣಿ ಅನ್ನೋ ಎಳೇ ಹುಡುಗಿ ಗಂಡ ಸತ್ತಾಗ ತಲೆ ಬೋಳಿಸ್ಕೊಳ್ಳಲ್ಲ ಅಂತ ಹಟ ಹಿಡೀತಾಳೆ. ಮುಂದೆ ಮೈದುನನ ಜೊತೆ ಸೇರಿ ಬಸುರಿನೂ ಆಗ್ತಾಳೆ. ಊರೆಲ್ಲ ಬೈತಿರಬೇಕಾದ್ರೆ ಜನ್ಮವೆಲ್ಲ ಮಡೀಲೇ ಕಳೆದ ಫಣಿಯಮ್ಮ ಆ ಹುಡುಗಿ ಪರ ನಿಲ್ತಾರೆ.