ಹಳೆಯ ಮೈ, ಹೊಸ ಯಂತ್ರ: ‘ರೆಸ್ಟೋಮಾಡ್’ ಕಾರುಗಳ ತಂತ್ರ ಮತ್ತು ಕಾನೂನು

ಹುಬ್ಬಳ್ಳಿ: ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಂಚರಿಸುವವರಿಗೆ ಬಾಡಿಯೇ ಇಲ್ಲದ ಬಸ್‌ಗಳು ಹೊಸ ನೋಟವೇನಲ್ಲ. ಎಂಜಿನ್, ಚಕ್ರ, ಸ್ಟೀರಿಂಗ್ ಹಾಗೂ ಚಾಲಕನ ಆಸನವಷ್ಟೇ ಇರುವ ಚಾಸಿಗಳು ಬಾಡಿ ಕಟ್ಟುವ ಕಾರ್ಖಾನೆಗಳತ್ತ ಸಾಗುತ್ತವೆ. ಟಾಟಾ ಮೋಟಾರ್ಸ್ ಮತ್ತು ಬ್ರೆಜಿಲ್‌ನ ಮಾರ್ಕೊಪೋಲೊ ಕಂಪನಿಗಳು 2006ರಲ್ಲಿ ಜಂಟಿ ಉದ್ಯಮ ರಚಿಸಿಕೊಂಡು ಧಾರವಾಡದಲ್ಲಿ ಸ್ಥಾಪಿಸಿದ ಘಟಕದ ಕೆಲಸವೇ ಬಸ್‌ಗಳಿಗೆ ಬಾಡಿ ಕಟ್ಟುವುದು. ಬ್ರೆಜಿಲ್ ಕಂಪನಿ ಹೊರನಡೆದ ನಂತರ ಅದು ಟಾಟಾ ಮೋಟಾರ್ಸ್ ಬಾಡಿ ಸೊಲ್ಯೂಷನ್ಸ್ ಎಂಬ ಹೆಸರು ಪಡೆದಿದೆ. ಚಾಸಿಯೇ ಬೇರೆ, ಬಾಡಿಯೇ ಬೇರೆ ಎಂಬುದು ಹೀಗೆ ಅವಳಿ ನಗರದ ಜನರಿಗೆ ಚಿರಪರಿಚಿತ ಸಂಗತಿ.

ಇದೇ ತತ್ವವನ್ನು ಹಳೆಯ ಕಾರಿಗೆ ಅನ್ವಯಿಸಿದರೆ ಏನಾಗುತ್ತದೆ? ಅಜ್ಜನ ಕಾಲದ ಕಾರಿನ ಹೊರಮೈಯನ್ನು ಹಾಗೆಯೇ ಉಳಿಸಿಕೊಂಡು, ಅದರಡಿ ಇಂದಿನ ಚಾಸಿ, ಎಂಜಿನ್, ಗೇರ್‌ಬಾಕ್ಸ್ ಮತ್ತು ಬ್ರೇಕ್ ಜೋಡಿಸುವ ಪದ್ಧತಿಗೆ ಅಮೆರಿಕದಲ್ಲಿ ‘ರೆಸ್ಟೋಮಾಡ್’ ಎಂಬ ಹೆಸರಿದೆ. ಪುನರುಜ್ಜೀವನ ಮತ್ತು ಮಾರ್ಪಾಡು ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು ಮಾಡಿದ ಪದವಿದು. ಈ ಹವ್ಯಾಸ ನಮ್ಮ ರಾಜ್ಯದ ಯುವಜನರನ್ನೂ ಆಕರ್ಷಿಸುತ್ತಿದೆ. ಆದರೆ ಅಮೆರಿಕದಲ್ಲಿ ಹವ್ಯಾಸವೆನಿಸಿದ್ದು ಭಾರತದಲ್ಲಿ ಅಪರಾಧವೆನಿಸಬಹುದು ಎಂಬುದು ಬಹುತೇಕರಿಗೆ ತಿಳಿದಿಲ್ಲ. ಲಕ್ಷಾಂತರ ರೂಪಾಯಿ ವ್ಯಯಿಸುವ ಮುನ್ನ ಅರಿತಿರಬೇಕಾದ ಅಂಶಗಳು ಇಲ್ಲಿವೆ.

ಅಮೆರಿಕದಲ್ಲಿ ಹುಟ್ಟಿದ ಬಗೆ

ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಬಲಿಷ್ಠ ವಿ-8 ಎಂಜಿನ್ ಅಳವಡಿಸಿದ ಕಾರುಗಳನ್ನು ಅಮೆರಿಕದಲ್ಲಿ ‘ಮಸಲ್ ಕಾರ್’ ಎಂದು ಕರೆಯಲಾಯಿತು. 1964ರ ಪಾಂಟಿಯಾಕ್ ಜಿಟಿಒ ಇವುಗಳಿಗೆ ಮೇಲ್ಪಂಕ್ತಿ. ಅದರ ಎಂಜಿನ್ 6.4 ಲೀಟರ್ ಗಾತ್ರದ್ದು, 325 ಅಶ್ವಶಕ್ತಿಯದು. ಅದೇ ವರ್ಷ ಫೋರ್ಡ್ ಮಸ್ಟ್ಯಾಂಗ್, ಬಳಿಕ ಶೆವರ್ಲೆ ಕಮಾರೊ, ಡಾಡ್ಜ್ ಚಾರ್ಜರ್ ಮುಂತಾದವು ರಸ್ತೆಗಿಳಿದವು. ಹೊಗೆ ನಿಯಂತ್ರಣ ನಿಯಮಗಳು, ದುಬಾರಿ ವಿಮೆ ಹಾಗೂ 1973ರ ತೈಲ ಬಿಕ್ಕಟ್ಟಿನಿಂದ ಆ ಯುಗ ಕೊನೆಗೊಂಡಿತು.

ಈ ಕಾರುಗಳು ನೇರ ರಸ್ತೆಯಲ್ಲಿ ಶರವೇಗದಲ್ಲಿ ಓಡುತ್ತಿದ್ದವಾದರೂ ತಿರುವಿನಲ್ಲಿ ಹಾಗೂ ಬ್ರೇಕ್ ಹಾಕುವಾಗ ಚಾಲಕನನ್ನು ಪರೀಕ್ಷೆಗೆ ಒಡ್ಡುತ್ತಿದ್ದವು. ಈ ಕೊರತೆ ನೀಗಿಸುವ ಪ್ರಯತ್ನವೇ ರೆಸ್ಟೋಮಾಡ್ ಉದ್ಯಮವಾಗಿ ಬೆಳೆಯಿತು. ಕಾರ್ವೆಟ್ ಕಾರಿನಲ್ಲಿ 1997ರಿಂದ ಬಳಕೆಗೆ ಬಂದ ಜನರಲ್ ಮೋಟಾರ್ಸ್‌ನ ಎಲ್‌ಎಸ್ ಸರಣಿಯ ಎಂಜಿನ್ ಇದಕ್ಕೆ ಹೊಸ ತಿರುವು ನೀಡಿತು. ಅಲ್ಯೂಮಿನಿಯಂ ನಿರ್ಮಿತ 5.7 ಲೀಟರ್‌ನ ಈ ಎಂಜಿನ್ ಹಗುರವಾಗಿದ್ದು, ಕಡಿಮೆ ಜಾಗದಲ್ಲಿ 345 ಅಶ್ವಶಕ್ತಿ ನೀಡುತ್ತಿತ್ತು. ಇಂದು ಅಲ್ಲಿ ಪೆಟ್ಟಿಗೆಯಲ್ಲಿಟ್ಟ ಹೊಸ ಎಂಜಿನ್, ಹಳೆಯ ಬಾಡಿಯ ಅಳತೆಗೆ ಸಿದ್ಧಪಡಿಸಿದ ಚಾಸಿ, ಕೊನೆಗೆ 1960ರ ದಶಕದ ವಿನ್ಯಾಸದ ಹೊಚ್ಚಹೊಸ ಬಾಡಿಯೂ ಅಂಗಡಿಯಲ್ಲಿ ದೊರೆಯುತ್ತದೆ. ಹಳೆಯ ಕಾರುಗಳ ಪ್ರತಿಕೃತಿ ತಯಾರಿಸುವ ಸಣ್ಣ ಕಂಪನಿಗಳಿಗೆ ವರ್ಷಕ್ಕೆ 325 ವಾಹನಗಳವರೆಗೆ ವಿನಾಯಿತಿ ಕಲ್ಪಿಸುವ ಕಾನೂನನ್ನು ಅಮೆರಿಕ 2015ರಲ್ಲಿ ಅಂಗೀಕರಿಸಿತು.

ನಮ್ಮ ಕಂಪನಿಗಳೇ ಮಾಡಿದ ಪ್ರಯೋಗ

ಭಾರತದಲ್ಲಿ ‘ಮಸಲ್ ಕಾರ್’ ಎಂದೊಡನೆ ಹಲವರು ಹೇಳುವ ಹೆಸರು ಕಾಂಟೆಸಾ. ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಬಿಡುಗಡೆ ಮಾಡಿದ ಈ ಕಾರಿನ ಹೊರಮೈ 1970ರ ದಶಕದ ಬ್ರಿಟಿಷ್ ವಾಕ್ಸ್‌ಹಾಲ್ ಕಾರಿನದು. ಆದರೆ ಅದರೊಳಗೆ ಇಟ್ಟಿದ್ದು ಅಂಬಾಸಿಡರ್‌ನ 1.5 ಲೀಟರ್ ಎಂಜಿನ್. ಸುಮಾರು 50 ಅಶ್ವಶಕ್ತಿಯ ಆ ಎಂಜಿನ್‌ಗೆ ಅಷ್ಟು ದೊಡ್ಡ ಬಾಡಿಯನ್ನು ಎಳೆಯುವುದು ಪ್ರಯಾಸವೇ ಆಗಿತ್ತು. ಮುಂದೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಮತ್ತು ಐದು ಗೇರ್‌ಗಳ ಪೆಟ್ಟಿಗೆ ಬಂದ ಮೇಲೆ ಶಕ್ತಿ 88 ಅಶ್ವಶಕ್ತಿಗೆ ಏರಿತು. ಕಾಂಟೆಸಾ ತನ್ನ ಗಾಂಭೀರ್ಯಕ್ಕೆ ತಕ್ಕ ನಡಿಗೆ ಪಡೆಯಿತು. 2002ರಲ್ಲಿ ಇದರ ಉತ್ಪಾದನೆ ನಿಂತಿತು.

ಅಂಬಾಸಿಡರ್ ಕಥೆಯೂ ಭಿನ್ನವಲ್ಲ. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ವಿನ್ಯಾಸದ ಈ ಕಾರಿಗೆ 1990ರ ದಶಕದಲ್ಲಿ ಇಸುಜು ಎಂಜಿನ್ ಅಳವಡಿಸಲಾಯಿತು. ಮುಖ ಬದಲಾಗದೆ ಹೃದಯ ಬದಲಾದ ಅಂಬಾಸಿಡರ್ 2014ರ ಮೇ ತಿಂಗಳವರೆಗೂ ತಯಾರಾಯಿತು. 1985ರ ಪ್ರೀಮಿಯರ್ 118ಎನ್‌ಇ ಕಾರಿನಲ್ಲಿ ಫಿಯಟ್ 124ರ ಬಾಡಿಗೆ ನಿಸ್ಸಾನ್‌ನ 1,171 ಸಿಸಿ ಎಂಜಿನ್ ಜೋಡಿಸಲಾಗಿತ್ತು.

ಇದಕ್ಕೆ ತದ್ವಿರುದ್ಧ ಉದಾಹರಣೆ ಮದ್ರಾಸಿನ ಸ್ಟ್ಯಾಂಡರ್ಡ್ 2000. ಅಂದಿನ ಆಧುನಿಕ ರೋವರ್ ಕಾರಿನ ಬಾಡಿಗೆ ಹಲವು ದಶಕ ಹಳೆಯ ಎರಡು ಲೀಟರ್ ಎಂಜಿನ್ ಕೂರಿಸಿ 1985ರಲ್ಲಿ ಮಾರುಕಟ್ಟೆಗೆ ಬಿಡಲಾಯಿತು. ಮೂರ್ನಾಲ್ಕು ವರ್ಷಗಳಲ್ಲೇ ಅದು ಕಣ್ಮರೆಯಾಯಿತು. ಹಳೆಯ ಮೈಗೆ ಹೊಸ ಯಂತ್ರ ಒಪ್ಪಬಹುದು, ಹೊಸ ಮೈಗೆ ಹಳೆಯ ಯಂತ್ರ ಒಪ್ಪುವುದಿಲ್ಲ ಎಂಬ ಪಾಠವನ್ನು ಈ ಕಾರು ಕಲಿಸಿತು.

ದ್ವಿಚಕ್ರ ವಾಹನಗಳಲ್ಲಿ ಕನ್ನಡಿಗರಿಗೆ ಹತ್ತಿರದ ನಿದರ್ಶನ ಜಾವಾ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. 2018ರ ನವೆಂಬರ್‌ನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಅದೇ ಹೆಸರಿನಲ್ಲಿ, ಅದೇ ಚಹರೆಯಲ್ಲಿ, ಆದರೆ 293 ಸಿಸಿಯ ಹೊಸ ಎಂಜಿನ್‌ನೊಂದಿಗೆ ಬೈಕನ್ನು ಮತ್ತೆ ತಂದಿತು. ಆದರೆ ಈ ಎಲ್ಲ ಪ್ರಯೋಗಗಳನ್ನು ನಡೆಸಿದ್ದು ತಯಾರಕರೇ ಎಂಬುದನ್ನು ಮರೆಯುವಂತಿಲ್ಲ. ಹೊಸ ಮಾದರಿಯನ್ನು ಮಾರುವ ಮುನ್ನ ಅನುಮೋದನೆ ಪಡೆಯುವುದು ತಯಾರಕರ ಹೊಣೆ. ಗ್ಯಾರೇಜಿನಲ್ಲಿ ಸಿದ್ಧವಾಗುವ ಒಂಟಿ ಕಾರಿಗೆ ಅಂಥ ದಾರಿ ಸುಲಭವಾಗಿ ತೆರೆದುಕೊಳ್ಳುವುದಿಲ್ಲ.

ತಾಂತ್ರಿಕ ತೊಡಕುಗಳು

ಬಸ್ ಮತ್ತು ಹಳೆಯ ಜೀಪಿನಲ್ಲಿ ಚಾಸಿ ಎಂಬುದು ಏಣಿಯಾಕಾರದ ಪ್ರತ್ಯೇಕ ಉಕ್ಕಿನ ಚೌಕಟ್ಟು. ಬೋಲ್ಟ್ ಬಿಚ್ಚಿದರೆ ಬಾಡಿಯನ್ನು ಎತ್ತಿಡಬಹುದು. ಭಾರತದ ಗ್ಯಾರೇಜ್‌ಗಳಲ್ಲಿ ಮಾರ್ಪಾಡಿಗೆ ಹೆಚ್ಚಾಗಿ ಜೀಪುಗಳೇ ಒಳಗಾಗಿರುವುದಕ್ಕೆ ಇದೂ ಒಂದು ಕಾರಣ. ಅಂಬಾಸಿಡರ್, ಪದ್ಮಿನಿ ಮತ್ತು ಕಾಂಟೆಸಾ ಹಾಗಲ್ಲ. ಇವುಗಳಲ್ಲಿ ನೆಲಹಾಸು, ಕಂಬ ಹಾಗೂ ಚಾವಣಿ ಸೇರಿ ಒಂದೇ ಪೆಟ್ಟಿಗೆಯಂತೆ ಬೆಸೆದುಕೊಂಡಿರುತ್ತವೆ. ಇಲ್ಲಿ ‘ಚಾಸಿ ಬದಲಿಸುವುದು’ ಎಂದರೆ ಕಾರಿನ ತಳವನ್ನೇ ಕತ್ತರಿಸಿ ತೆಗೆಯುವುದು ಎಂದರ್ಥ. ಬೆಸುಗೆ ಎಲ್ಲಿ ಸಡಿಲವಾದರೂ ಇಡೀ ವಾಹನದ ಬಿಗಿತನ ಕುಗ್ಗುತ್ತದೆ.

ಎಂಜಿನ್ ಬದಲಾವಣೆಯೂ ಅಲ್ಲಿಗೇ ನಿಲ್ಲುವ ಕೆಲಸವಲ್ಲ. 50 ಅಶ್ವಶಕ್ತಿಗೆಂದು ರೂಪಿಸಿದ ಕಾರಿಗೆ 120 ಅಶ್ವಶಕ್ತಿಯ ಎಂಜಿನ್ ಕೂರಿಸಿದರೆ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಆಕ್ಸಲ್, ರೇಡಿಯೇಟರ್ ಎಲ್ಲವನ್ನೂ ಬದಲಿಸಬೇಕಾಗುತ್ತದೆ. ವೇಗ ದುಪ್ಪಟ್ಟಾದರೆ ನಿಲ್ಲಿಸಲು ಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಆದ್ದರಿಂದ ಬ್ರೇಕ್ ಮತ್ತು ಸಸ್ಪೆನ್ಷನ್‌ಗಳನ್ನು ಮೊದಲು ಸರಿಪಡಿಸಿ, ಎಂಜಿನ್‌ಗೆ ಕೊನೆಯಲ್ಲಿ ಕೈಹಾಕುವುದು ಸರಿಯಾದ ಕ್ರಮ. ಇಂದಿನ ಎಂಜಿನ್‌ಗಳನ್ನು ನಿಯಂತ್ರಿಸುವುದು ಗಣಕವಾದ್ದರಿಂದ ಅದರ ವೈರಿಂಗ್, ಸಂವೇದಕಗಳು ಹಾಗೂ ಹೊಗೆ ಶುದ್ಧೀಕರಿಸುವ ಸಾಧನಗಳನ್ನೂ ಜೊತೆಗೇ ತರಬೇಕು.

ಇಷ್ಟೆಲ್ಲ ಆದ ಮೇಲೂ ಒಂದು ಕೊರತೆ ಉಳಿದೇ ಉಳಿಯುತ್ತದೆ. ಅಪಘಾತದಲ್ಲಿ ಮುಂಭಾಗ ಮಡಚಿಕೊಂಡು ಒಳಗಿರುವವರನ್ನು ಉಳಿಸುವ ವಿನ್ಯಾಸ ಮತ್ತು ಏರ್‌ಬ್ಯಾಗ್ ವ್ಯವಸ್ಥೆ ಹೊಸ ಎಂಜಿನ್‌ನೊಂದಿಗೆ ಬರುವುದಿಲ್ಲ. ವೇಗ ಇಂದಿನದು, ರಕ್ಷಣೆ ಅಂದಿನದು ಎಂಬ ಸ್ಥಿತಿ ಅಪಾಯಕಾರಿ.

ಕಾನೂನು ಏನು ಹೇಳುತ್ತದೆ?

ನೋಡುವವರ ಕಣ್ಣಿಗೆ ಕಾರಿನ ಗುರುತು ಅದರ ಹೊರಮೈ. ಕಾನೂನಿನ ಕಣ್ಣಿಗೆ ಕಾರು ಎಂದರೆ ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ. ರೆಸ್ಟೋಮಾಡ್ ಉಳಿಸಿಕೊಳ್ಳುವುದು ಮೊದಲನೆಯದನ್ನು, ಕಳೆದುಕೊಳ್ಳುವುದು ಎರಡನೆಯದನ್ನು. ತೊಡಕಿನ ಮೂಲ ಇರುವುದು ಇಲ್ಲಿಯೇ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ವ್ಯತಿರಿಕ್ತವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್ ಈ ನಿಯಮವನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯ 182ಎ ಕಲಂ ಅಡಿ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಇಲ್ಲವೆ ಎರಡನ್ನೂ ವಿಧಿಸಬಹುದು.

ಸಾರಿಗೆ ವಾಹನಗಳ ದೊಡ್ಡ ಮಾಲೀಕರಿಗೂ ಈ ಮಿತಿ ಇದೆ. ಕನಿಷ್ಠ ಹತ್ತು ಸಾರಿಗೆ ವಾಹನ ಹೊಂದಿರುವವರು ಪ್ರತಿ ಬಾರಿಯೂ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆಯದೆ ಎಂಜಿನ್ ಬದಲಿಸಲು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಅವಕಾಶ ನೀಡಬಹುದು. ಆದರೆ ಹೊಸ ಎಂಜಿನ್ ಅದೇ ತಯಾರಿಕೆಯದು, ಅದೇ ಮಾದರಿಯದು ಆಗಿರಬೇಕು.

ಅವಕಾಶ ಇರುವುದೆಲ್ಲಿ?

ಕಾನೂನು ಎಲ್ಲ ಬಾಗಿಲುಗಳನ್ನೂ ಮುಚ್ಚಿಲ್ಲ. ಹಳೆಯ ಕಾರಿನ ಅಭಿಮಾನಿಗಳಿಗೆ ಉಳಿದಿರುವ ಮಾರ್ಗಗಳು ಇಂತಿವೆ:

* ಮೂಲ ರೂಪದಲ್ಲಿಯೇ ದುರಸ್ತಿ: ತುಕ್ಕು ತೆಗೆಸುವುದು, ಅದೇ ಮಾದರಿಯ ಬಿಡಿಭಾಗ ಹಾಕಿಸುವುದು, ಒಳಾಂಗಣ ಹೊಸದು ಮಾಡಿಸುವುದಕ್ಕೆ ಅಡ್ಡಿಯಿಲ್ಲ. ಬಣ್ಣ ಬದಲಿಸಿದರೆ ನೋಂದಣಿ ಪತ್ರದಲ್ಲಿ ದಾಖಲಿಸಬೇಕು.

* ಅದೇ ಮಾದರಿಯ ಎಂಜಿನ್: ಕೆಟ್ಟ ಎಂಜಿನ್ ಬದಲು ಅದೇ ಬಗೆಯ ಎಂಜಿನ್ ಹಾಕಿಸುವುದಾದರೆ ಆರ್‌ಟಿಒ ಪೂರ್ವಾನುಮತಿ ಪಡೆದು, ಖರೀದಿ ರಸೀದಿ ಸಲ್ಲಿಸಿ, ಹೊಸ ಸಂಖ್ಯೆಯನ್ನು ಪತ್ರದಲ್ಲಿ ನಮೂದಿಸಿಕೊಳ್ಳಬೇಕು. ದಾಖಲೆಯಿಲ್ಲದ ಗುಜರಿ ಎಂಜಿನ್ ಕಳವಿನ ಮಾಲಾಗಿದ್ದರೆ ಕೊಂಡವರೂ ತನಿಖೆ ಎದುರಿಸಬೇಕಾದೀತು.

* ಇಂಧನ ಪರಿವರ್ತನೆ: ಸಿಎನ್‌ಜಿ, ಎಲ್‌ಪಿಜಿ ಅಥವಾ ಬ್ಯಾಟರಿ ಚಾಲಿತ ವ್ಯವಸ್ಥೆಗೆ ಬದಲಾಯಿಸಲು ಕಾಯ್ದೆಯಲ್ಲಿಯೇ ಅವಕಾಶವಿದೆ. ಆದರೆ ಕಿಟ್, ಪುಣೆಯ ಎಆರ್‌ಎಐನಂಥ ಅಧಿಕೃತ ಪರೀಕ್ಷಾ ಸಂಸ್ಥೆಯಿಂದ ಅನುಮೋದಿತವಾಗಿರಬೇಕು. ಹಳೆಯ ಮೈಗೆ ಹೊಸ ಯಂತ್ರ ಕೂರಿಸಲು ಭಾರತದಲ್ಲಿ ಇರುವ ನಿಜವಾದ ಕಾನೂನುಬದ್ಧ ಮಾರ್ಗ ಇದೇ ಎನ್ನಬಹುದು.

* ರಸ್ತೆಗಿಳಿಯದ ಕಾರು: ಖಾಸಗಿ ಆವರಣ, ಪ್ರದರ್ಶನ ಅಥವಾ ಮುಚ್ಚಿದ ರೇಸ್ ಟ್ರ್ಯಾಕಿಗೆ ಮಾತ್ರ ಸೀಮಿತವಾದ ಕಾರನ್ನು ಮಾರ್ಪಡಿಸಬಹುದು. ಅದನ್ನು ಅಲ್ಲಿಗೆ ಸಾಗಿಸಬೇಕಾದದ್ದು ಲಾರಿಯ ಮೇಲೆ.

ವಿಂಟೇಜ್ ಮಾನ್ಯತೆಗೆ ಕುತ್ತು

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಪ್ರಕಟಿಸಿತು. ಮೊದಲ ಮಾರಾಟವಾಗಿ 50 ವರ್ಷ ಮೀರಿದ, ಮೂಲ ಸ್ವರೂಪ ಉಳಿಸಿಕೊಂಡ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ಖಾಸಗಿ ವಾಹನಗಳು ಇದರಡಿ ಬರುತ್ತವೆ. ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಸಂಖ್ಯಾಫಲಕದಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು; ದಿನಬಳಕೆ ಹಾಗೂ ಬಾಡಿಗೆ ಓಡಾಟ ಸಲ್ಲದು.

ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡಾದರೆ ಈ ಮಾನ್ಯತೆ ದೊರೆಯದು. 1960ರ ದಶಕದ ಅಂಬಾಸಿಡರ್ ಒಂದಕ್ಕೆ ಇಂದಿನ ಎಂಜಿನ್ ಕೂರಿಸಿದವರು ವಿಂಟೇಜ್ ಗೌರವವನ್ನೂ ಅದರಿಂದ ಬರುವ ಬೆಲೆಯನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾರೆ. ಮೊದಲ ವರ್ಷದ ಕಾಂಟೆಸಾಗಳಿಗೆ 50 ತುಂಬುವುದು 2034ರಲ್ಲಿ. ಅಲ್ಲಿಯವರೆಗೆ ಅವು ಸಾಮಾನ್ಯ ಹಳೆಯ ವಾಹನಗಳೇ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ನಿಗದಿಯಾಯಿತು. ನವೀಕರಣಕ್ಕೆ ಮುನ್ನ ವಾಹನ ತಪಾಸಣೆ ನಡೆಯುತ್ತದೆ. ಚಾಸಿ, ಎಂಜಿನ್ ಸಂಖ್ಯೆಗಳು ತಾಳೆಯಾಗದಿದ್ದರೆ ಗ್ಯಾರೇಜಿನ ಗುಟ್ಟು ರಟ್ಟಾಗುವುದು ಆಗಲೇ.

ವಿಮೆಯ ವಿಷಯ ಇನ್ನೂ ಗಂಭೀರ. ಕಂಪನಿಗೆ ತಿಳಿಸದೆ ಮಾರ್ಪಡಿಸಿದ ವಾಹನ ಅಪಘಾತಕ್ಕೀಡಾದರೆ ಸ್ವಂತ ಹಾನಿಯ ಪರಿಹಾರ ನಿರಾಕರಣೆಗೊಳ್ಳುವ ಸಂಭವವಿದೆ. ಇನ್ನೊಬ್ಬರಿಗೆ ಜೀವಹಾನಿಯಾದಲ್ಲಿ ಪರಿಹಾರದ ಹೊರೆ ಮಾಲೀಕರ ಹೆಗಲೇರಬಹುದು.

ಮೊದಲು ಕಚೇರಿ, ನಂತರ ಗ್ಯಾರೇಜ್

ಹುಬ್ಬಳ್ಳಿಯ ಕೆಎ-63 ಆಗಲಿ, ಧಾರವಾಡದ ಕೆಎ-25 ಆಗಲಿ, ಕಾರು ನೋಂದಣಿಯಾಗಿರುವ ಕಚೇರಿಯಲ್ಲಿ ವಿಚಾರಿಸಿ, ಲಿಖಿತ ಒಪ್ಪಿಗೆ ಕೈಸೇರಿದ ನಂತರವೇ ಕೆಲಸ ಆರಂಭಿಸುವುದು ಕ್ಷೇಮ. ಕಾರು ಸಾಲದಲ್ಲಿದ್ದರೆ ಸಾಲ ನೀಡಿದ ಸಂಸ್ಥೆಯ ಲಿಖಿತ ಸಮ್ಮತಿಯೂ ಇರಲಿ. ಚಾಸಿ ಸಂಖ್ಯೆ ಕೆತ್ತಿರುವ ಭಾಗವನ್ನು ಕತ್ತರಿಸುವ ಪ್ರಸ್ತಾಪ ಮೆಕ್ಯಾನಿಕ್ ಕಡೆಯಿಂದ ಬಂದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸುವುದು ಒಳಿತು.

ಮನೆಯಂಗಳದಲ್ಲಿ ತುಕ್ಕು ಹಿಡಿಯುತ್ತಿರುವ ಹಳೆಯ ಕಾರನ್ನು ಮತ್ತೆ ಓಡಿಸಬೇಕೆಂಬ ಆಸೆ ಸಹಜವಾದದ್ದೇ. ಮೂಲ ರೂಪದಲ್ಲಿ ಉಳಿಸಿದರೆ ಅದಕ್ಕೆ ಪರಂಪರೆಯ ಮಾನ್ಯತೆ ಸಿಗುತ್ತದೆ; ಅನುಮೋದಿತ ಕಿಟ್ ಅಳವಡಿಸಿದರೆ ರಸ್ತೆಯ ಹಕ್ಕು ಉಳಿಯುತ್ತದೆ. ಎರಡನ್ನೂ ಬಿಟ್ಟು ನಡುದಾರಿ ಹಿಡಿದವರ ಕಾರು ಎಷ್ಟೇ ಅಂದವಾಗಿ ಸಿದ್ಧವಾದರೂ, ಅದಕ್ಕೆ ತಕ್ಕ ಕಾಗದಪತ್ರ ಅವರ ಬಳಿ ಇರುವುದಿಲ್ಲ.