ರಕ್ತ ಹೇಳಿದ್ದು, ಜ್ಯೂರಿ ಕಂಡದ್ದು

ಮೂಕಿ ಚಿತ್ರಗಳಿಂದ ಜಗತ್ತನ್ನೇ ನಗಿಸಿದ ಚಾರ್ಲಿ ಚಾಪ್ಲಿನ್ 1945ರಲ್ಲಿ ಲಾಸ್ ಏಂಜಲೀಸ್‌ನ ನ್ಯಾಯಾಲಯದಲ್ಲಿ ಗಂಭೀರವಾಗಿ ನಿಲ್ಲಬೇಕಾಯಿತು. ಎದುರಿಗಿದ್ದುದು ಒಂದೂವರೆ ವರ್ಷದ ಹೆಣ್ಣುಮಗು. ಇಬ್ಬರ ಮುಖದಲ್ಲಿ ಹೋಲಿಕೆಯುಂಟೇ ಎಂದು ಜ್ಯೂರಿಯ ಹನ್ನೆರಡು ಮಂದಿ ದಿಟ್ಟಿಸಿ ನೋಡಿದರು.

ಮಗುವಿನ ತಂದೆ ಚಾಪ್ಲಿನ್ ಎಂದು ತಾಯಿಯ ಕಡೆಯವರು 1943ರಲ್ಲೇ ದಾವೆ ಹೂಡಿದ್ದರು. ತಾಯಿ ಸಿನಿಮಾ ಅವಕಾಶಕ್ಕಾಗಿ ಬಂದಿದ್ದ ಯುವತಿ. ಮಗು ಹುಟ್ಟಿದ ಮೇಲೆ ರಕ್ತಪರೀಕ್ಷೆ ನಡೆಸುವುದು, ಚಾಪ್ಲಿನ್ ತಂದೆಯಲ್ಲವೆಂದು ವೈದ್ಯರು ಹೇಳಿದರೆ ದಾವೆ ಕೈಬಿಡುವುದು ಎಂದು ಒಪ್ಪಂದವಾಗಿತ್ತು.

1944ರಲ್ಲಿ ಮೂವರು ವೈದ್ಯರು ಪರೀಕ್ಷಿಸಿದರು. ತಾಯಿಯದು ‘ಎ’ ಗುಂಪಿನ ರಕ್ತ, ಮಗುವಿನದು ‘ಬಿ’. ತಾಯಿಯಲ್ಲಿಲ್ಲದ ಆ ‘ಬಿ’ ಅಂಶ ತಂದೆಯಿಂದಲೇ ಬಂದಿರಬೇಕು. ಚಾಪ್ಲಿನ್‌ರದು ‘ಓ’, ಅದರಲ್ಲಿ ‘ಎ’ಯೂ ಇಲ್ಲ, ‘ಬಿ’ಯೂ ಇಲ್ಲ. ತಂದೆ ಯಾರೆಂದು ಹೇಳುವ ಶಕ್ತಿ ಅಂದಿನ ರಕ್ತಪರೀಕ್ಷೆಗಿರಲಿಲ್ಲ, ಯಾರಲ್ಲವೆಂದು ಹೇಳಬಲ್ಲದಾಗಿತ್ತು. ಇಲ್ಲಿ ಅದು ಸ್ಪಷ್ಟವಾಗಿಯೇ ಹೇಳಿತ್ತು.

ಆದರೂ ಮೊಕದ್ದಮೆ ನಿಲ್ಲಲಿಲ್ಲ. ದೊಡ್ಡವರು ಮಾಡಿಕೊಂಡ ಒಪ್ಪಂದದಿಂದ ಮಗುವಿನ ಜೀವನಾಂಶದ ಹಕ್ಕು ಹೋಗದು ಎಂಬ ವಾದವನ್ನು ನ್ಯಾಯಾಲಯ ಮನ್ನಿಸಿತು. ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹಾಲು ಕುಡಿಯುವ ಕೂಸು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲವಷ್ಟೆ. ತೊಡಕಿದ್ದುದು ಬೇರೆಡೆ. ರಕ್ತಪರೀಕ್ಷೆ ಅಂತಿಮ ಸಾಕ್ಷ್ಯವಲ್ಲ, ತಜ್ಞರ ಒಂದು ಅಭಿಪ್ರಾಯ ಮಾತ್ರ ಎಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1937ರಲ್ಲಿ ಹೇಳಿಬಿಟ್ಟಿತ್ತು. ಹೀಗಾಗಿ ಪ್ರಯೋಗಾಲಯದ ವರದಿಯೂ ಮೂಗು, ಕಣ್ಣುಗಳ ಹೋಲಿಕೆಯೂ ಒಂದೇ ತಕ್ಕಡಿಯಲ್ಲಿ ಕುಳಿತವು.

ಮೊದಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಎರಡನೆಯದರಲ್ಲಿ ಹನ್ನೊಂದು ಮಂದಿ ಚಾಪ್ಲಿನ್ನೇ ತಂದೆ ಎಂದರು. ಐವತ್ತು ದಾಟಿದ ಚಾಪ್ಲಿನ್ ಆಗಷ್ಟೇ ಹದಿನೆಂಟರ ಹುಡುಗಿಯನ್ನು ಮದುವೆಯಾಗಿದ್ದುದು ಜನರ ಕಣ್ಣು ಕೆಂಪಾಗಿಸಿತ್ತು ಎಂಬುದನ್ನೂ ನೆನೆಯಬೇಕು. ವಾರಕ್ಕೆ 75 ಡಾಲರ್ ಜೀವನಾಂಶ ಕೊಡಬೇಕೆಂದು ಆದೇಶವಾಯಿತು. 1946ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಪೀಠದ ಒಬ್ಬ ನ್ಯಾಯಾಧೀಶರು ಈ ಫಲಿತಾಂಶ ತಮಗೆ ಹಿತವಲ್ಲವೆಂದರೂ ಹಳೆಯ ತೀರ್ಪಿಗೆ ಕಟ್ಟುಬಿದ್ದು ಸಮ್ಮತಿಸಿದರು.

ಕ್ಯಾಲಿಫೋರ್ನಿಯಾದ ಕಾನೂನು ಬದಲಾದದ್ದು 1953ರಲ್ಲಿ. ತಂದೆಯಲ್ಲವೆಂದು ತಜ್ಞರೆಲ್ಲ ಒಮ್ಮತದಿಂದ ಹೇಳಿದರೆ ಅಲ್ಲಿಗೆ ಪ್ರಶ್ನೆ ಮುಗಿಯಿತು ಎಂದಾಯಿತು. ಅಷ್ಟರಲ್ಲಿ ಚಾಪ್ಲಿನ್ ಅಮೆರಿಕ ಬಿಟ್ಟು ಸ್ವಿಟ್ಜರ್ಲೆಂಡ್ ಸೇರಿದ್ದರು.