ಎರಡು ಸಂಸ್ಥಾನಗಳ ನಡುವಿನ ಮಗ್ಗದೂರು: ರಬಕವಿ-ಬನಹಟ್ಟಿಯ ಪೇಟೆಗಳು

ರಬಕವಿ, ರಾಮಪುರ, ಬನಹಟ್ಟಿ, ಹೊಸೂರು ಇಂದು ಒಂದೇ ನಗರಸಭೆಯ ಆಡಳಿತದಲ್ಲಿವೆ. 2001ರ ಜನಗಣತಿ ಇವನ್ನು ಒಂದೇ ಪಟ್ಟಣವೆಂದು ಎಣಿಸಿ 70,248 ಜನರನ್ನು ದಾಖಲಿಸಿತು. ಮನೆಗಳು ಒಂದಕ್ಕೊಂದು ತಾಗಿಕೊಂಡಿದ್ದರೂ ರಬಕವಿಯವರು ತಮ್ಮನ್ನು ಬನಹಟ್ಟಿಯವರೆಂದು ಹೇಳಿಕೊಳ್ಳುವುದಿಲ್ಲ. ಇದು ಬರಿಯ ಊರಭಿಮಾನವಲ್ಲ, ಇದರ ಹಿಂದೆ ಸುಮಾರು ಒಂದೂವರೆ ಶತಮಾನ ಬಾಳಿದ ಒಂದು ಗಡಿಯಿದೆ ಎಂಬುದು ಈ ಲೇಖನದ ವಾದ.

ಪೇಶ್ವೆಗಳ ಸರದಾರರಾಗಿದ್ದ ಪಟವರ್ಧನರ ಜಹಗೀರು ಮನೆತನದ ಪಾಲುಪಾರಿಕತ್ತಿನಲ್ಲಿ ಒಡೆಯಿತು. 1801ರಲ್ಲಿ ಚಿಂತಾಮಣರಾಯರು ಮಿರಜದಿಂದ ಬೇರೆಯಾಗಿ ಸಾಂಗಲಿಯಲ್ಲಿ ನೆಲೆನಿಂತರು; 1811ರಲ್ಲಿ ಜಮಖಂಡಿ ಪ್ರತ್ಯೇಕ ಸಂಸ್ಥಾನವಾಯಿತು. ರಬಕವಿ ತೇರದಾಳದ ಜೊತೆ ಸಾಂಗಲಿಗೆ ಸೇರಿದರೆ ಬನಹಟ್ಟಿ ಜಮಖಂಡಿಗೆ ಉಳಿಯಿತು. ಅಕ್ಕಪಕ್ಕದ ಎರಡೂರಿನ ಕಂದಾಯ ಎರಡು ಖಜಾನೆಗೆ ಹೋಗತೊಡಗಿತು. 1948ರ ಮಾರ್ಚ್‌ನಲ್ಲಿ ದಖ್ಖನ್ನಿನ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾಗುವವರೆಗೂ ಇದೇ ಸ್ಥಿತಿ. ಪಟವರ್ಧನರ ದಫ್ತರದ ಕಾಗದಗಳು ಮೋಡಿ ಲಿಪಿಯ ಮರಾಠಿಯಲ್ಲಿವೆ. ವಾಸುದೇವ ವಾಮನ ಖರೆಯವರು ಅವುಗಳ ದೊಡ್ಡ ಭಾಗವನ್ನು ಪ್ರಕಟಿಸಿದರಾದರೂ ಅವರ ಗಮನವೆಲ್ಲ ದಂಡು, ರಾಜಕಾರಣಗಳ ಮೇಲಿತ್ತು. ನೇಕಾರರ ಓಣಿಯ ಚರಿತ್ರೆಗೆ ನಾವು ಓಣಿಯನ್ನೇ ಓದಬೇಕು.

ಬನಹಟ್ಟಿಯಲ್ಲಿ ಸೋಮವಾರ ಪೇಟೆ, ಮಂಗಳವಾರ ಪೇಟೆಗಳಿವೆ. ವಾರದ ಹೆಸರಿನ ಪೇಟೆಗಳು ಪುಣೆಯಲ್ಲಿ ಪೇಶ್ವೆಗಳ ಕಾಲಕ್ಕೆ ಬಲವಾಗಿ ಬೇರೂರಿದ್ದವು. ಆ ಪದ್ಧತಿ ಇಲ್ಲಿಗೆ ಪಟವರ್ಧನರ ಬೆನ್ನಿಗೇ ಬಂದಿರಬೇಕೆಂದು ನನಗೆ ತೋರುತ್ತದೆ. ಆದರೆ ಹೆಸರು ದರಬಾರಿನದಾದರೂ ಅಳತೆ ಮಗ್ಗದ್ದು. ಕುಣಿಮಗ್ಗಕ್ಕೆ ಮನೆಯ ಪಡಸಾಲೆಯಲ್ಲೇ ನೆಲ ಅಗೆಯಬೇಕು. ನೇಕಾರ ಕುಣಿಯೊಳಗೆ ಕಾಲಿಳಿಸಿ ಕೂರುತ್ತಾನೆ; ನೆಲದ ತಂಪು ಹತ್ತಿಯ ಎಳೆಯನ್ನು ಒಣಗಿ ಹರಿಯದಂತೆ ಕಾಯುತ್ತದೆ. ಒಳಗೆ ಹೆಂಗಸರು ಕಂಡಿಕೆ ಸುತ್ತುತ್ತಾರೆ. ಹಾಸಿನ ನೂಲನ್ನು ಉದ್ದಕ್ಕೆ ಎಳೆದು ಗಂಜಿ ಹಾಕಲು ಮನೆಯೊಳಗೆ ಜಾಗ ಸಾಲದು. ಅದಕ್ಕೆ ಓಣಿಯೇ ಬೇಕು. ನೇಕಾರರ ಓಣಿ ನೆಟ್ಟಗೆ, ಉದ್ದಕ್ಕೆ ಇರಬೇಕಾದ ಕಾರಣ ಇದೇ. ಹಟಗಾರ, ದೇವಾಂಗ, ಕುರುಹಿನಶೆಟ್ಟಿ ಮುಂತಾದ ನೇಕಾರ ಸಮುದಾಯಗಳು ನೂಲು ಮತ್ತು ಸೀರೆಯ ವ್ಯಾಪಾರದಲ್ಲಿ ಗಡಿಯ ಆಚೀಚೆ ಬೆರೆತವು. ದೇವರ ವಿಷಯದಲ್ಲಿ ಮಾತ್ರ ಊರುಗಳು ತಮ್ಮತನ ಬಿಡಲಿಲ್ಲ: ಬನಹಟ್ಟಿಗೆ ಕಾಡಸಿದ್ಧೇಶ್ವರನ ಜಾತ್ರೆ, ರಬಕವಿಗೆ ಶಂಕರಲಿಂಗ.

ಈ ಭಾಗದಲ್ಲಿ ಅವಳಿ ಊರಿಗಿಂತ ಹಳೆಯ ಕೇಂದ್ರ ತೇರದಾಳ. ಅಲ್ಲಿನ ಹನ್ನೆರಡನೆಯ ಶತಮಾನದ ಜೈನ ಶಾಸನಗಳು ರಟ್ಟರ ಕಾಲದ ಮಾಂಡಲಿಕ ಗೊಂಕನನ್ನು ಹೆಸರಿಸುತ್ತವೆ. ರಬಕವಿ-ಬನಹಟ್ಟಿಯ ಹೆಗ್ಗಳಿಕೆಗೆ ಅಂಥ ಕಲ್ಲಿನ ಸಾಕ್ಷಿ ಬೇಕಿಲ್ಲ. ಅದು ದುಡಿಮೆಯಿಂದ ಬಂದದ್ದು.

ವಿದ್ಯುತ್ ಮಗ್ಗ ಬಂದಮೇಲೆ ಓಣಿಯ ಅಳತೆಯೇ ಬದಲಾಯಿತು. ಅದು ಕುಣಿಯಲ್ಲಿ ಕೂರುವ ಯಂತ್ರವಲ್ಲ. ಅದಕ್ಕೆ ಗಟ್ಟಿ ನೆಲದ ಶೆಡ್ಡು ಬೇಕು. ಹಾಸಿನ ಬೀಮು ಸಿದ್ಧವಾಗಿಯೇ ಬರುವುದರಿಂದ ಉದ್ದದ ಓಣಿ ಬೇಡವಾಯಿತು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಇಲ್ಲಿ ನೇಕಾರರಿಗೆ ಕಾಲೊನಿ ಕಟ್ಟಿದಾಗ, ಮನೆಯೂ ಮಗ್ಗವೂ ಒಂದೇ ಸೂರಿನಡಿ ಇರಬೇಕೆಂಬ ಹಳೆಯ ಲೆಕ್ಕವನ್ನೇ ಸರ್ಕಾರಿ ನಕ್ಷೆಗೆ ಇಳಿಸಿತು. ಪೇಟೆಯ ಮನೆಗಳಲ್ಲಿ ಕುಣಿ ಮುಚ್ಚುತ್ತಿದ್ದ ಕಾಲಕ್ಕೆ ಕೈಮಗ್ಗ ನೆಲೆ ಕಂಡುಕೊಂಡದ್ದು ಈ ಹೊಸ ಬಡಾವಣೆಗಳಲ್ಲಿ.